ಕಿವಿ ಕೇಳಿಸದ ಉಪಾಧ್ಯಾಯನ ಪರೀಕ್ಷೆ

ಅಂತರಿಕ್ಷಯಾನದ ಗಣಿತಕ್ಕೆ ಬುನಾದಿ ಹಾಕಿದ ರಷ್ಯಾ ದೇಶದ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿ (1857–1935) ಎಂಬ ಪಂಡಿತನು ಸುಮಾರು ನಾಲ್ವತ್ತು ವರ್ಷ ಶಾಲಾ ಉಪಾಧ್ಯಾಯನಾಗಿದ್ದನೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ತಿಳಿದಿರಬಹುದು. ಆ ಉದ್ಯೋಗಕ್ಕೆ ಬೇಕಾದ ಯೋಗ್ಯತಾಪತ್ರವು ಅವನಿಗೆ ದೊರೆತ ಬಗೆಯನ್ನು ಇಲ್ಲಿ ತಿಳಿಸಬಯಸುತ್ತೇವೆ.

ಸುಮಾರು ಹತ್ತು ವರ್ಷದವನಿರುವಾಗ ಕೆಂಪುಜ್ವರ ಬಂದು ಅವನ ಕಿವಿ ಮಂದವಾಯಿತು. ಪಾಠ ಕೇಳಿಸದೆ ಶಾಲೆ ಬಿಡಬೇಕಾಯಿತು. 1870ರಲ್ಲಿ ತಾಯಿಯೂ ತೀರಿಕೊಂಡಳು. 1873ರಲ್ಲಿ ತಂದೆಯು ಅವನನ್ನು ಮಾಸ್ಕೋ ನಗರಕ್ಕೆ ಕಳುಹಿಸಿದನು. ಅಲ್ಲಿ ಮೂರು ವರ್ಷ ಪುಸ್ತಕಭಂಡಾರವೇ ಅವನಿಗೆ ಗುರುವಾಯಿತು. ಮನೆಯಿಂದ ಬರುತ್ತಿದ್ದುದು ತಿಂಗಳಿಗೆ 10–15 ರೂಬಲು. ಮೂರು ದಿವಸಕ್ಕೊಮ್ಮೆ 9 ಕೊಪೆಕಿನ ರೊಟ್ಟಿ ಕೊಂಡು ತಿಂದು, ಉಳಿದುದನ್ನೆಲ್ಲಾ ಪುಸ್ತಕ, ಪಾದರಸ, ಗಂಧಕಾಮ್ಲಗಳಿಗೆ ಸುರಿದನು. ಆಮ್ಲ ಬಿದ್ದ ಷರಾಯಿಯನ್ನು ನೋಡಿ ಬೀದಿಯ ಹುಡುಗರು, ಇಲಿ ಕಡಿಯಿತೇ ಎಂದು ಕೇಳುತ್ತಿದ್ದರಂತೆ!

1879ರ ಶರತ್ಕಾಲದಲ್ಲಿ ಅವನು ಖಾಸಗಿಯಾಗಿ ಉಪಾಧ್ಯಾಯ ಪರೀಕ್ಷೆಗೆ ಕುಳಿತನು. ಮೊದಲನೆಯದು ಧರ್ಮಬೋಧೆಯ ಮೌಖಿಕ ಪರೀಕ್ಷೆ. ಗಾಬರಿಯಿಂದ ಒಂದು ಮಾತೂ ಹೊರಡಲಿಲ್ಲ. ಪರೀಕ್ಷಕರು ಅವನನ್ನು ಕರೆದೊಯ್ದು ಪಕ್ಕದ ಸಣ್ಣ ಸೋಫಾದಲ್ಲಿ ಕುಳ್ಳಿರಿಸಿದರು. ಐದು ನಿಮಿಷ ಕಳೆದ ಮೇಲೆ ತಡವರಿಸದೆ ಉತ್ತರ ಹೇಳಿದನು. ಆದರೂ ಕಿವುಡುತನದ ಸಂಕೋಚವು ಬಿಡಲಿಲ್ಲ: ತಪ್ಪಾಗಿ ಕೇಳಿಸಿಕೊಂಡು ಉತ್ತರಿಸಲು ನಾಚಿಕೆ, ಮತ್ತೊಮ್ಮೆ ಹೇಳಿರೆಂದು ಕೇಳಲೂ ನಾಚಿಕೆ. ಲಿಖಿತ ಪರೀಕ್ಷೆಯನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿದಾಗ ಅಧಿಕಾರಿಯು, ಇದು ಕರಡೋ ಎಂದನು; ಅಲ್ಲ, ಶುದ್ಧಪ್ರತಿ ಎಂದು ಇವನು ಹೇಳಿದನು. ಮಾದರಿ ಪಾಠವಂತೂ ವಿರಾಮದ ವೇಳೆಯಲ್ಲಿ, ಮಕ್ಕಳೊಬ್ಬರೂ ಇಲ್ಲದ ಕೋಣೆಯಲ್ಲಿ, ಗಣಿತದ ಉಪಾಧ್ಯಾಯನೊಬ್ಬನ ಮುಂದೆ ನಡೆಯಿತು. ತರಬೇತು ಹೊಂದಿದ ನಮ್ಮವರು ಇದನ್ನೋದಿ ನಗದಿರಲಾರರು.

ಆ ಸೋಫಾದ ಸಂಗತಿಯು ಮಾತ್ರ ನಮ್ಮನ್ನು ನಗಗೊಡುವುದಿಲ್ಲ. ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬಾಯಿ ತೆರೆಯದೆ ನಿಂತ ಹುಡುಗಿಯೊಬ್ಬಳಿಗೆ ಸೊನ್ನೆ ಹಾಕಿ ಮುಂದಿನವಳನ್ನು ಕರೆದೆವು. ತುಸು ಹೊತ್ತಿನಲ್ಲೇ ಜಗಲಿಯಲ್ಲಿ ಆಕೆಯು ಗೆಳತಿಗೆ ಅದೇ ಉತ್ತರವನ್ನು ಅಕ್ಷರವೂ ತಪ್ಪದೆ ಒಪ್ಪಿಸುತ್ತಿದ್ದಳು. ನಾವು ಕೇಳಿದೆವು, ಗುರುತನ್ನು ತಿದ್ದಲಿಲ್ಲ.

1880ರ ಆರಂಭದಲ್ಲಿ ಬೊರೊವ್‌ಸ್ಕ್ ಎಂಬ ಊರಿನಲ್ಲಿ ಅಂಕಗಣಿತ, ರೇಖಾಗಣಿತಗಳನ್ನು ಕಲಿಸುವ ಕೆಲಸವು ಅವನಿಗೆ ದೊರೆಯಿತು. 1892ರಲ್ಲಿ ಕಲೂಗಾ ಪಟ್ಟಣಕ್ಕೆ ವರ್ಗವಾಯಿತು. 1899ರಿಂದ ಆ ಪಟ್ಟಣದ ಸಭೆಯವರ ಹೆಣ್ಣುಮಕ್ಕಳ ಪಾಠಶಾಲೆಯು ಈ ಕಿವುಡ ಉಪಾಧ್ಯಾಯನಿಂದಲೇ ಭೌತಶಾಸ್ತ್ರದ ಪಾಠ ಹೇಳಿಸಿತು. ರಾಕೆಟ್ಟಿನಿಂದ ಅಂತರಿಕ್ಷವನ್ನು ಶೋಧಿಸುವ ಕುರಿತಾದ ಅವನ ಪ್ರಸಿದ್ಧ ಪ್ರಬಂಧವು 1903ರಲ್ಲಿ ಅಚ್ಚಾದಾಗಲೂ ಅವನು ಆ ಹುಡುಗಿಯರಿಗೆ ಪಾಠ ಹೇಳುತ್ತಲೇ ಇದ್ದನು.