ಮನೆ ಇದ್ದವರ ಸರ್ಕಾರಿ ಶಾಲೆ

‘ಹೋಂ ಅಲೋನ್’ ಚಿತ್ರ ನೋಡಿದವರಿಗೆ ಆ ದೊಡ್ಡ ಇಟ್ಟಿಗೆ ಮನೆ ಮರೆತಿರಲಾರದು. 1990ರಲ್ಲಿ ತೆರೆಕಂಡ ಆ ಚಿತ್ರದ ಮನೆ ಇರುವುದು ಅಮೆರಿಕದ ಷಿಕಾಗೊ ನಗರದ ಉತ್ತರಕ್ಕೆ, ಮಿಷಿಗನ್ ಸರೋವರದ ದಂಡೆಯಲ್ಲಿರುವ ವಿನೆಟ್ಕಾ ಎಂಬ ಉಪನಗರದಲ್ಲಿ. ಒಳಾಂಗಣದ ದೃಶ್ಯಗಳಿಗೆ ಮಾತ್ರ ಹತ್ತಿರದ ಶಾಲೆಯೊಂದರಲ್ಲಿ ಸೆಟ್ ಹಾಕಿದ್ದರು. ನೆರೆಮನೆಯ ನೆಲಮಾಳಿಗೆಯಲ್ಲಿ ನೀರು ತುಂಬುವ ದೃಶ್ಯ ಚಿತ್ರಿತವಾದದ್ದು ಆ ಶಾಲೆಯ ಈಜುಕೊಳದಲ್ಲಿ. ಆಗ ತರಗತಿಗಳಿಲ್ಲದೆ ಖಾಲಿ ಬಿದ್ದಿದ್ದ ಆ ಕಟ್ಟಡ ನ್ಯೂ ಟ್ರಿಯರ್ ಹೈಸ್ಕೂಲಿನದು.

ಈಜುಕೊಳವಿರುವ ಈ ಶಾಲೆ ಸರ್ಕಾರಿ ಶಾಲೆ ಎಂದರೆ ನಮ್ಮಲ್ಲಿ ಅನೇಕರು ಹುಬ್ಬೇರಿಸಿಯಾರು. ಇಲ್ಲಿ ಡೊನೇಷನ್ ಇಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ.

1901ರಲ್ಲಿ ಆರಂಭವಾದ ಶಾಲೆಯಲ್ಲಿ ಈಗ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ಸುಮಾರು ನಾಲ್ಕು ಸಾವಿರ ಮಕ್ಕಳಿದ್ದಾರೆ. ಸಿನಿಮಾದವರು ಬಳಸಿದ್ದ ಕಟ್ಟಡಕ್ಕೂ 2001ರಲ್ಲಿ ಮಕ್ಕಳು ಮರಳಿದರು. ಒಂಬತ್ತನೆಯವರ ಪಾಠ ಅಲ್ಲಿಯೇ. ಒಂದೇ ವಿಷಯವನ್ನು ಬೇರೆ ಬೇರೆ ಮಟ್ಟದಲ್ಲಿ ಕಲಿಸುತ್ತಾರೆ. ಗಣಿತದಲ್ಲಿ ಮುಂದಿರುವ ಹುಡುಗಿ ಇಂಗ್ಲಿಷಿನಲ್ಲಿ ಸಾಧಾರಣ ಮಟ್ಟದ ತರಗತಿಗೆ ಹೋಗಬಹುದು. ಇಷ್ಟು ದೊಡ್ಡ ಶಾಲೆಯಲ್ಲಿ ಮಗು ಕಳೆದುಹೋಗದಂತೆ 1920ರ ದಶಕದಿಂದಲೂ ಒಂದು ಏರ್ಪಾಡಿದೆ. ಪ್ರತಿ ಬೆಳಿಗ್ಗೆ ಸಣ್ಣ ಗುಂಪೊಂದು ತನ್ನ ಸಲಹೆಗಾರ ಶಿಕ್ಷಕರ ಜೊತೆ ಸೇರುತ್ತದೆ. ಅದು ಹಾಜರಿ ಕೂಗಲು ಮಾತ್ರವಲ್ಲ, ಕಷ್ಟಸುಖ ಕೇಳಲು ಕೂಡ. ನನಗಂತೂ ಈಜುಕೊಳಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ತರಿಸುವುದು ಇದೇ!

ಸಂಜೆಯ ಹೊತ್ತು ಆಟದ್ದು. ಶಾಲೆಯ ತಂಡಗಳಿಗೆ ‘ಟ್ರೆವಿಯನ್ಸ್’ ಎಂದು ಹೆಸರು. ಈಜಿನಲ್ಲಿ ರಾಜ್ಯಮಟ್ಟದ ಪ್ರಶಸ್ತಿಗಳು ಬೇಕಾದಷ್ಟಿವೆ. ವಿದ್ಯಾರ್ಥಿಗಳೇ ನಡೆಸುವ ರೇಡಿಯೊ ಕೇಂದ್ರವೂ ಉಂಟು. ‘ಬೆನ್ ಹರ್’ ಚಿತ್ರದ ಚಾರ್ಲ್‌ಟನ್ ಹೆಸ್ಟನ್ ಓದಿದ್ದು ಇಲ್ಲಿ. ಮುಂದೆ ರಕ್ಷಣಾ ಕಾರ್ಯದರ್ಶಿಯಾದ ಡೊನಾಲ್ಡ್ ರಮ್ಸ್‌ಫೆಲ್ಡ್ ಇಲ್ಲಿ ಕುಸ್ತಿಪಟುವಾಗಿದ್ದರು.

ಇದಕ್ಕೆಲ್ಲ ಹಣ ಎಲ್ಲಿಯದು? ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಅಲ್ಲಿ ಶಾಲೆಗಳನ್ನು ನಡೆಸಲು ಪ್ರತ್ಯೇಕ ‘ಶಾಲಾ ಜಿಲ್ಲೆ’ಗಳಿವೆ. ಜನರೇ ಆರಿಸಿದ ಮಂಡಳಿ ಅದರ ಆಡಳಿತ ನೋಡಿಕೊಳ್ಳುತ್ತದೆ. ನ್ಯೂ ಟ್ರಿಯರ್‌ನ ಖರ್ಚಿನ ಬಹುಪಾಲು ಹುಟ್ಟುವುದು ಆ ವ್ಯಾಪ್ತಿಯ ಮನೆ, ಅಂಗಡಿಗಳ ಆಸ್ತಿ ತೆರಿಗೆಯಿಂದ. ಮನೆಗಳು ದುಬಾರಿಯಾದಷ್ಟೂ ಶಾಲೆಗೆ ಹಣ. ಶಾಲೆ ಚೆನ್ನಾಗಿದ್ದಷ್ಟೂ ಮನೆಗೆ ಬೆಲೆ. ಶುಲ್ಕವಿಲ್ಲ ನಿಜ, ಆದರೆ ಅಲ್ಲಿ ವಾಸವಿರುವವರ ಮಕ್ಕಳಿಗಷ್ಟೇ ಪ್ರವೇಶ.

ಈ ಪದ್ಧತಿಯನ್ನು ಟೆಕ್ಸಾಸ್‌ನ ಬಡ ಪೋಷಕರು ಪ್ರಶ್ನಿಸಿದ್ದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ವಾದವನ್ನು ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. 1991ರಲ್ಲಿ ಜೊನಾಥನ್ ಕೊಜೊಲ್ ಎಂಬ ಲೇಖಕ ತಮ್ಮ ಪುಸ್ತಕದಲ್ಲಿ ನ್ಯೂ ಟ್ರಿಯರನ್ನು ಷಿಕಾಗೊ ನಗರದ ಬಡ ಶಾಲೆಯ ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಶಾಲೆಯ ಹೆಸರು ಚರ್ಚೆಯ ಮಾತಾಯಿತು.

2008ರ ಸೆಪ್ಟೆಂಬರ್ 2ರಂದು ಚರ್ಚೆ ಶಾಲೆಯ ಬಾಗಿಲಿಗೇ ಬಂತು. ಷಿಕಾಗೊದ ಪಾದ್ರಿಯೂ ರಾಜ್ಯ ಸೆನೆಟರೂ ಆಗಿದ್ದ ಜೇಮ್ಸ್ ಮೀಕ್ಸ್ ಅವರ ಕರೆಗೆ ಓಗೊಟ್ಟು, ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲಾರಂಭದ ದಿನವೇ ತಮ್ಮ ಶಾಲೆಗಳನ್ನು ಬಿಟ್ಟು ಬಸ್ಸುಗಳಲ್ಲಿ ನ್ಯೂ ಟ್ರಿಯರ್‌ಗೆ ಬಂದರು. ಶಾಲೆಯವರು ಗದರಿಸಲಿಲ್ಲ, ಅರ್ಜಿ ನಮೂನೆ ಕೊಟ್ಟರು. ಮಕ್ಕಳು ಸಾಲಿನಲ್ಲಿ ನಿಂತು ತುಂಬಿದರು. ಅರ್ಜಿಯಲ್ಲಿ ಬರೆದ ವಿಳಾಸ ಷಿಕಾಗೊದ್ದಾಗಿದ್ದರಿಂದ ಪ್ರವೇಶ ಸಿಗುವಂತಿರಲಿಲ್ಲ.

ಇಲಿನಾಯ್ ರಾಜ್ಯ 2017ರಲ್ಲಿ ಅನುದಾನದ ಸೂತ್ರ ಬದಲಿಸಿತು. ಹೊಸದಾಗಿ ಬರುವ ರಾಜ್ಯದ ಹಣದಲ್ಲಿ ಕೊರತೆ ಹೆಚ್ಚಿರುವ ಶಾಲೆಗಳಿಗೆ ಮೊದಲ ಪಾಲು. ಆಸ್ತಿ ತೆರಿಗೆ ಮಾತ್ರ ಆಯಾ ಊರಿನ ಶಾಲೆಗೇ ಹೋಗುತ್ತಿದೆ.