ಮನೆಯ ಸಂಗೀತಕ್ಕೆ ಎಂಥ ಕೀಬೋರ್ಡ್?



ಲಿಂಗಪೂಜೆಯ ತರುವಾಯ ಮನೆಮಂದಿಯೆಲ್ಲ ಕುಳಿತು ವಚನಗಳನ್ನು ಹಾಡುವ ಸಂಪ್ರದಾಯವು ನಮ್ಮ ಅನೇಕ ಮನೆತನಗಳಲ್ಲಿ ಉಳಿದುಬಂದಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (೧೮೯೨–೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಅಂಧರಿಗೆ, ಅನಾಥರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಆ ಪರಂಪರೆಯ ನೆರಳಿನಲ್ಲಿ ಹಾರ್ಮೋನಿಯಂ ನಮ್ಮ ಮನೆಗಳ ವಾದ್ಯವೇ ಆಯಿತು. ಈಗ ಮಕ್ಕಳು ಹಾಡನ್ನು ಗಣಕಯಂತ್ರದಲ್ಲಿ ಮುದ್ರಿಸಿಕೊಳ್ಳಬಯಸುತ್ತಾರೆ. ಅದಕ್ಕಾಗಿ ಕೀಬೋರ್ಡ್ ಕಂಟ್ರೋಲರ್ ಕೊಡಿಸಿರೆಂದು ಕೇಳುತ್ತಾರೆ. ಯಾವುದನ್ನು ಕೊಳ್ಳಬೇಕೆಂದು ಹಿರಿಯರು ನಮ್ಮನ್ನು ವಿಚಾರಿಸುವುದುಂಟು. ಆ ಕುರಿತು ನಾಲ್ಕು ಮಾತು.

ನಾದವಿಲ್ಲದ ವಾದ್ಯ

ಈ ಸಾಧನಕ್ಕೆ ಸ್ವಂತ ನಾದವಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಯಾವ ಕೀಯನ್ನು ಒತ್ತಿದೆವು, ಎಷ್ಟು ಬಲದಿಂದ ಒತ್ತಿದೆವು, ಯಾವಾಗ ಬಿಟ್ಟೆವು ಎಂಬ ಸುದ್ದಿಯನ್ನಷ್ಟೇ ಅದು ಗಣಕಯಂತ್ರಕ್ಕೆ ಮುಟ್ಟಿಸುತ್ತದೆ. ಸ್ವರವನ್ನು ಹೊರಡಿಸುವುದು ಗಣಕಯಂತ್ರದೊಳಗಿನ ತಂತ್ರಾಂಶ. ಈ ಸುದ್ದಿಯ ಭಾಷೆಗೆ 'ಮಿಡಿ' ಎಂದು ಹೆಸರು. ೧೯೮೩ರಲ್ಲಿ ಬಂದ ಈ ಭಾಷೆಯನ್ನು ಬೇರೆ ಬೇರೆ ಕಂಪನಿಗಳ ವಾದ್ಯಗಳೆಲ್ಲ ಒಪ್ಪಿಕೊಂಡವು. ಇಂದಿಗೂ ಅದೇ ಬಳಕೆಯಲ್ಲಿದೆ. ಆದ್ದರಿಂದ ದುಬಾರಿ ಕಂಟ್ರೋಲರ್ ಕೊಂಡ ಮಾತ್ರಕ್ಕೆ ನಾದ ಇಂಪಾಗುವುದಿಲ್ಲ. ಹೆಚ್ಚಿನ ಹಣ ಸಲ್ಲುವುದು ಕೀಗಳ ಗುಣಕ್ಕೆ, ಸಂಖ್ಯೆಗೆ, ಮೇಲಿನ ಗುಂಡಿಗಳಿಗೆ.

ಎಷ್ಟು ಕೀಗಳು ಸಾಕು?

ಪೇಟೆಯಲ್ಲಿ ೨೫, ೩೭, ೪೯, ೬೧, ೮೮ ಕೀಗಳ ಮಾದರಿಗಳು ದೊರೆಯುತ್ತವೆ. ಇಪ್ಪತ್ತೈದೆಂದರೆ ಎರಡು ಸಪ್ತಕ, ಮೂವತ್ತೇಳೆಂದರೆ ಮೂರು, ನಲವತ್ತೊಂಬತ್ತೆಂದರೆ ನಾಲ್ಕು. ನಮ್ಮ ಹಾರ್ಮೋನಿಯಂಗಳು ಸಾಮಾನ್ಯವಾಗಿ ಮೂರು, ಮೂರೂವರೆ ಸಪ್ತಕದವು. ಹಾಗಾಗಿ ವಚನ ಹಾಡುವ ಮನೆಗೆ ೪೯ ಕೀಗಳು ಧಾರಾಳವಾಗಿ ಸಾಕು. ಜಾಗವೂ ಹಣವೂ ಕಡಿಮೆಯಿದ್ದರೆ ೩೭ ಆದೀತು. ಎಂಬತ್ತೆಂಟು ಕೀಗಳ ಭಾರವಾದ ಮಣೆ ಪಿಯಾನೊ ಅಭ್ಯಾಸಿಗಳಿಗೆ ಸಲ್ಲತಕ್ಕದ್ದು.

ಕೀಗಳ ಅಗಲವನ್ನೂ ನೋಡಬೇಕು. ಅಕಾಯ್ ಸಂಸ್ಥೆಯ ಎಂಪಿಕೆ ಮಿನಿಯಂಥ ೨೫ ಕೀಗಳ ಮಾದರಿಗಳಲ್ಲಿ ಕೀಗಳು ಕಿರಿದು. ಪ್ರಯಾಣಕ್ಕೆ ಅವು ಅನುಕೂಲ. ಆದರೆ ಹಾರ್ಮೋನಿಯಂ ರೂಢಿಯಾದ ಬೆರಳುಗಳು ಅಲ್ಲಿ ತಡವರಿಸುತ್ತವೆ. ಎಂ-ಆಡಿಯೊ ಸಂಸ್ಥೆಯ ಕೀಸ್ಟೇಷನ್ ೪೯ರಂಥ ಸರಳ ಮಾದರಿಗಳಲ್ಲಿ ಗುಂಡಿಗಳು ಕಡಿಮೆ, ಕೀಗಳು ಪೂರ್ಣ ಅಳತೆಯವು. ನಮಗೆ ಬೇಕಾದುದು ಇಂಥದೇ. ಒಂದೇ ಯುಎಸ್‌ಬಿ ತಂತಿಯಿಂದ ವಿದ್ಯುತ್ತನ್ನೂ ಪಡೆಯುವ ಮಾದರಿಯಾದರೆ ತೊಡಕು ಇನ್ನೂ ಕಡಿಮೆ.

ಎಡಗೈಯ ಕೆಲಸ

ಹಾರ್ಮೋನಿಯಂನಲ್ಲಿ ಸ್ವರದ ಏರಿಳಿತವನ್ನು ಎಡಗೈಯ ತಿದಿ ನಿರ್ಧರಿಸುತ್ತದೆ. ಬೆರಳಿನ ಬಲಕ್ಕೆ ಅಲ್ಲಿ ಬೆಲೆಯಿಲ್ಲ. ಕಂಟ್ರೋಲರಿನಲ್ಲಿ ಬೆರಳು ಜೋರಾಗಿ ಬಿದ್ದರೆ ಸ್ವರವೂ ಜೋರು. ಹಾರ್ಮೋನಿಯಂ ಕಲಿತವರು ನುಡಿಸಿದಾಗ ಸ್ವರಗಳು ಒಂದು ದೊಡ್ಡದು, ಒಂದು ಸಣ್ಣದು ಆಗಿ ಕೇಳಿಸುವುದು ಇದರಿಂದಲೇ. ಒತ್ತುವಿಕೆಯನ್ನು ಒಂದೇ ಬಲಕ್ಕೆ ನಿಲ್ಲಿಸುವ ಏರ್ಪಾಡು ಅನೇಕ ಮಾದರಿಗಳಲ್ಲಿದೆ. ಅದನ್ನು ವಿಚಾರಿಸಿ ಕೊಳ್ಳಿರಿ. ಎಡಬದಿಯಲ್ಲಿ ಎರಡು ಚಕ್ರಗಳಿರುವ ಮಾದರಿಯಾದರೆ ಒಂದನ್ನು ತಂತ್ರಾಂಶದಲ್ಲಿ ಧ್ವನಿಯ ಏರಿಳಿತಕ್ಕೆ ಹೊಂದಿಸಿದರೆ ಅದೇ ತಿದಿಯಾಗುತ್ತದೆ.

ಇನ್ನೊಂದು ಚಕ್ರ ಸ್ವರವನ್ನು ಬಾಗಿಸುತ್ತದೆ. ಸ್ವರದಿಂದ ಸ್ವರಕ್ಕೆ ಜಾರಲಾರದೆಂಬುದು ಹಾರ್ಮೋನಿಯಂ ಮೇಲಿನ ಹಳೆಯ ಆಕ್ಷೇಪ. ಇಂಥ ಕಾರಣಗಳಿಂದಲೇ ಆಕಾಶವಾಣಿಯು ೧೯೪೦ರಲ್ಲಿ ಅದನ್ನು ದೂರವಿಟ್ಟಿತು. ನಿರ್ಬಂಧ ಸಡಿಲಗೊಂಡದ್ದು ೧೯೭೧ರಲ್ಲಿ. ಈ ಚಕ್ರವನ್ನು ಹದವರಿತು ತಿರುಗಿಸಿದರೆ ಮೀಂಡಿನ ಛಾಯೆಯಾದರೂ ದಕ್ಕುತ್ತದೆ.

ನಮ್ಮದೊಂದು ತಪ್ಪು

ಕೆಲವು ವರ್ಷಗಳ ಹಿಂದೆ ಪರಿಚಯದ ಮನೆಯವರೊಬ್ಬರು ನಮ್ಮನ್ನು ಕೇಳಿದ್ದರು. ಆ ಮನೆಯ ಅಜ್ಜಿಯವರಿಗೆ ನೂರಾರು ವಚನಗಳು ಕಂಠಪಾಠ. ಹಾಡುವ ಮಟ್ಟುಗಳು ಅವರ ತಾಯಿಯಿಂದ ಬಂದವು. ಅವನ್ನು ಮುದ್ರಿಸಿಡಬೇಕೆಂಬುದು ಮೊಮ್ಮಗನ ಹಂಬಲ. ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಿರೆಂದು ನಾವು ಹೇಳಿಬಿಟ್ಟೆವು. ಎಂಬತ್ತೆಂಟು ಕೀಗಳ ಮಣೆ ಬಂದಿತು. ಮೈಕಿಗೆ ಹಣ ಉಳಿಯಲಿಲ್ಲ. ಅದನ್ನಿಡಲು ಮೇಜು, ಬಳಿಕ ತಂತ್ರಾಂಶ ಎಂದು ತಿಂಗಳುಗಳು ಉರುಳಿದವು. ಶ್ರಾವಣದಲ್ಲಿ ಮುದ್ರಿಸೋಣವೆಂದುಕೊಂಡಿದ್ದರು, ಅದಕ್ಕೆ ಮುನ್ನವೇ ಅಜ್ಜಿಯವರು ಲಿಂಗೈಕ್ಯರಾದರು. ಆ ಮಟ್ಟುಗಳು ಅವರೊಡನೆಯೇ ಹೋದವು. ಆ ಮನೆಗೆ ಹೋದಾಗಲೆಲ್ಲ ಬಟ್ಟೆ ಹೊದಿಸಿಟ್ಟ ಆ ಮಣೆ ನಮ್ಮ ಕಣ್ಣಿಗೆ ಬೀಳುತ್ತದೆ.

ಕಂಟ್ರೋಲರಿಗೆ ಕಂಠವನ್ನು ಹಿಡಿಯುವ ಶಕ್ತಿಯಿಲ್ಲ. ಅದಕ್ಕೆ ಮೈಕೇ ಬೇಕು. ಇಷ್ಟು ಸಣ್ಣ ಸಂಗತಿಯನ್ನು ನಾವು ಅಂದು ಹೇಳಬೇಕಿತ್ತು.

ಆದುದರಿಂದ ಮೊದಲು ಮನೆಯ ಹಿರಿಯರ ದನಿಯನ್ನು ಕೈಯಲ್ಲಿರುವ ಮೊಬೈಲಿನಲ್ಲಾದರೂ ಈ ವಾರವೇ ಮುದ್ರಿಸಿಕೊಳ್ಳಿರಿ. ಅನಂತರ ಒಂದು ಸಾಧಾರಣ ಮೈಕು, ಒಂದು ಹೆಡ್‌ಫೋನು, ಬಳಿಕ ಚಿಕ್ಕ ಕಂಟ್ರೋಲರು. ಆಪಲ್ ಗಣಕಯಂತ್ರಗಳಿಗೆ ಗ್ಯಾರೇಜ್‌ಬ್ಯಾಂಡ್ ತಂತ್ರಾಂಶ ಉಚಿತವಾಗಿದೆ; ಇತರ ಯಂತ್ರಗಳಿಗೂ ಎಲ್‌ಎಂಎಂಎಸ್‌ನಂಥ ಉಚಿತ ತಂತ್ರಾಂಶಗಳಿವೆ. ಅಂಗಡಿಯಲ್ಲಿ ಮಕ್ಕಳ ಕೈಯಿಂದಲೇ ನುಡಿಸಿ ನೋಡಿ ಕೊಳ್ಳಿರಿ.

ಶರಣರು ಕಾಯಕಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸಿದವರು. ವಾದ್ಯ ಕೊಳ್ಳುವಾಗಲೂ ನಮಗೆ ಅದೇ ಅಳತೆಗೋಲು. ಮನೆಯಲ್ಲಿ ಮುದ್ರಿಸಿದ ಹಾಡು ನೆರೆಮನೆಯ ಮಕ್ಕಳ ಬಾಯಿಗೂ ಬಂದರೆ ಕೊಟ್ಟ ಹಣ ಸಾರ್ಥಕವಾಯಿತೆಂದು ತಿಳಿಯಬಹುದು.