ಶಿರಾ ಪಟ್ಟಣದ ಇತಿಹಾಸ
ಶಿರಾ ಕರ್ನಾಟಕದ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ ಈ ಪಟ್ಟಣಕ್ಕೆ ಅಡಿಪಾಯ ಹಾಕಿದನು. ಕೋಟೆ ಮುಗಿಯುವ ಮೊದಲೇ, 1638ರಲ್ಲಿ, ಊರು ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ವಶವಾಯಿತು. ಅರೆಬರೆಯಾಗಿದ್ದ ಕೋಟೆಯನ್ನು ಪೂರ್ಣಗೊಳಿಸಿದವನು ಬಿಜಾಪುರದ ಅಧಿಕಾರಿ ಮಲಿಕ್ ಹುಸೇನ್.

1687ರಲ್ಲಿ ಮೊಗಲರು ಇದನ್ನು ಗೆದ್ದು, ತುಂಗಭದ್ರೆಯ ದಕ್ಷಿಣದ ತಮ್ಮ ಪ್ರಾಂತ್ಯಕ್ಕೆ ರಾಜಧಾನಿಯನ್ನಾಗಿ ಮಾಡಿಕೊಂಡರು. ಖಾಸಿಂ ಖಾನ್ ಮೊದಲ ಸುಬೇದಾರ. ದಿಲಾವರ್ ಖಾನನ ಕಾಲದಲ್ಲಿ ಇಲ್ಲಿ 50,000 ಮನೆಗಳಿದ್ದುವೆಂದು ಹೇಳಲಾಗುತ್ತದೆ. ಈ ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಪಟ್ಟಣದ ವೈಭವವನ್ನು ಅಲ್ಲಗಳೆಯಲಾಗದು: ಅವನು ಕಟ್ಟಿಸಿದ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂಬುದು ಪ್ರಸಿದ್ಧವಾಗಿದೆ.

ಅನಂತರ ಊರು ಕೈಯಿಂದ ಕೈಗೆ ಬದಲಾಯಿತು. 1757ರಲ್ಲಿ ಮರಾಠರು ಹಿಡಿದು, ಎರಡು ವರ್ಷಗಳ ಬಳಿಕ ಬಿಟ್ಟುಕೊಟ್ಟರು. 1761ರಲ್ಲಿ ಬಸಾಲತ್ ಜಂಗನ ನೆರವಿನಿಂದ ಹೈದರಾಲಿ ಇದನ್ನು ಪಡೆದು, ಶಿರಾದ ನವಾಬನೆಂಬ ಬಿರುದನ್ನೂ ಗಳಿಸಿದನು. 1766ರಲ್ಲಿ ಮತ್ತೆ ಮರಾಠರದಾದ ಪಟ್ಟಣವನ್ನು 1774ರಲ್ಲಿ ಟಿಪ್ಪು ಮರಳಿ ಗೆದ್ದನು. ಆದರೆ ಮುತ್ತಿಗೆಗಳಿಗಿಂತ ಹೆಚ್ಚಿನ ಪೆಟ್ಟು ಬಿದ್ದುದು ವಲಸೆಯಿಂದ. ಶ್ರೀರಂಗಪಟ್ಟಣದ ಬಳಿ ಹೊಸದಾಗಿ ನಿರ್ಮಿಸಿದ ಗಂಜಾಂ ಪೇಟೆಯನ್ನು ತುಂಬಿಸಲು ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಗೆಜೆಟಿಯರುಗಳು ದಾಖಲಿಸಿವೆ.

ದಿಲಾವರ್ ಖಾನನ ಅರಮನೆ ಈಗಿಲ್ಲ. ಕಲ್ಲಿನ ಕೋಟೆ, 1651ರ ಮಲಿಕ್ ರಿಹಾನನ ಗೋರಿ ಹಾಗೂ ಕೆತ್ತಿದ ಕಲ್ಲಿನ ಜಾಮಿಯಾ ಮಸೀದಿ ಆ ಕಾಲದಿಂದ ಉಳಿದುಬಂದಿವೆ.